ಭಾನುವಾರದ ಕೆರೆ ನೀರು

ಮಕ್ಕಳೇ, ಭಾನುವಾರ ಬೆಳಿಗ್ಗೆ 7ಕ್ಕೆ ಶಂಕರಘಟ್ಟ ಬಸ್ ಸ್ಟಾಪ್. ಮೇಲಿನ ತಿಳಿ ನೀರು ಬೇಡ. ತಳದ ಹತ್ತಿರ ಕೊಳೆತ ಮೊಟ್ಟೆ ವಾಸನೆ ಹೊಡೆಯುವ ನೀರೇ ಬೇಕು. ನಾವು ಹುಡುಕ್ತಿರೋ ಹಸಿರು ಗಂಧಕ ಬ್ಯಾಕ್ಟೀರಿಯಾ (ಬೆಳಕು, ಗಂಧಕದ ಸಂಯುಕ್ತ ಬಳಸಿ ಬದುಕುವಂಥವು) ಇದ್ದರೆ ಅಲ್ಲೇ, ಆಕ್ಸಿಜನ್ ಇಲ್ಲದೆ ಬೆಳಕು ಮಾತ್ರ ಇಣುಕುವಲ್ಲಿ. ಬಾಟಲಿ ಕಂಠಮಟ್ಟ ತುಂಬಿಸಿ ತಕ್ಷಣ ಐಸ್‌ಗೆ ಹಾಕಿ.

"ಲ್ಯಾಬಲ್ಲಿ ಬೆಳೆಸಿಟ್ಟ ಕಲ್ಚರ್ ಇದೆಯಲ್ಲ ಸರ್, ಮತ್ಯಾಕೆ ಕೆರೆ ನೀರು?" ಅಂತ ನಿನ್ನೆ ಕೇಳಿದ್ರಿ. ಒಳ್ಳೇ ಪ್ರಶ್ನೆ. ಸ್ಪೇನ್‌ನ ಸಿಸೊ, ವಿಲಾರ್ ಸರೋವರಗಳ ನೀರಿನಲ್ಲಿ 16ಎಸ್ ಜೀನಿನ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಜೀನ್) ಡಿಜಿಜಿಇ, ಅಂದರೆ ಡಿಎನ್‌ಎ ತುಣುಕುಗಳನ್ನು ಜೆಲ್‌ನಲ್ಲಿ ಓಡಿಸಿ ಬೇರೆ ಬೇರೆ ಪಟ್ಟಿಗಳಾಗಿ ವಿಂಗಡಿಸುವ ವಿಧಾನ, ಮಾಡಿದಾಗ ಸಿಕ್ಕ ಹಸಿರು ಗಂಧಕ ಬ್ಯಾಕ್ಟೀರಿಯಾದ ಡಿಎನ್‌ಎ, ಅದೇ ಸರೋವರಗಳಿಂದ ಹಿಂದೆ ತೆಗೆದು ಬೆಳೆಸಿದ್ದ ತಳಿಗಳಿಗೆ ಹೊಂದಲೇ ಇಲ್ಲ. ಬಾಟಲಿಯಲ್ಲಿ ಸಲೀಸಾಗಿ ಬೆಳೆಯುವುದೇ ಕೆರೆಯ ಯಜಮಾನ ಆಗಿರಬೇಕಿಲ್ಲ. ನಾವೂ ಕೆರೆ ನೀರಿನ ಡಿಎನ್‌ಎ, ಕಲ್ಚರಿನ ಡಿಎನ್‌ಎ ಎರಡನ್ನೂ ಒಂದೇ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸೋಣ. ಪಟ್ಟಿಗಳು ಒಂದೇ ಎತ್ತರಕ್ಕೆ ಬಂದರೂ ನಂಬಬೇಡಿ, ಪಟ್ಟಿ ಕತ್ತರಿಸಿ ಸೀಕ್ವೆನ್ಸ್ ಮಾಡಿಸಬೇಕು, ಅಂದರೆ ಡಿಎನ್‌ಎ ಅಕ್ಷರಗಳ ಕ್ರಮ ಓದಿಸಬೇಕು.

ಉಂಬಳ ಜಾಸ್ತಿ ಇದೆ, ಸುಣ್ಣ-ಹೊಗೆಸೊಪ್ಪು ಮರೀಬೇಡಿ.