ಪುಟ್ಟಿಗೆ, ಕ್ರಾಪಿನ ವಿಚಾರ

ಸಿದ್ದಾಪುರ, ಕೊಡಗು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ರೈತರ ಆ್ಯಪ್‌ಗೆ ಕನ್ನಡ ಬರೆಯುವ ಕೆಲಸ ಸಿಕ್ಕಿತೆಂದು ನಿನ್ನಮ್ಮ ಹೇಳಿದಳು. ಸಂತೋಷ. ಹಾಗಿದ್ದರೆ ನನ್ನದೊಂದು ಫಜೀತಿ ಕೇಳು. ಹೋದ ಆಗಸ್ಟಿನಲ್ಲಿ ಮಳೆಗೆ ಉದುರಿದ ಕಾಫಿಕಾಯಿಯ ಫೋಟೋ ಕಳಿಸಬೇಕಿತ್ತು. ಮೊಬೈಲಿನಲ್ಲಿ ‘ಬೆಳೆ’ ಅಂತ ಒಂದು ಗುಂಡಿ ಕಂಡಿತು. ಕಾಫಿಯೂ ಬೆಳೆಯೇ ತಾನೆ ಎಂದು ಒತ್ತಿದೆ. ನೆಲದಲ್ಲಿ ಬಿದ್ದ ಕಾಯಿಯೆಲ್ಲ ಕತ್ತರಿಸಿಹೋಗಿ, ಸಿಲ್ವರ್ ಓಕಿನ ಬೊಡ್ಡೆ ಮಾತ್ರ ಉಳಿಯಿತು! ಇಂಗ್ಲಿಷಿನ ‘ಕ್ರಾಪ್’ ಎಂದರೆ ಬೆಳೆ ಅಂತ ಯಾರೋ ಪದಗಳ ಪಟ್ಟಿ ನೋಡಿ ಬರೆದುಬಿಟ್ಟಿದ್ದಾರೆ. ಅಲ್ಲಿದ್ದದ್ದು ಕತ್ತರಿಯ ಕ್ರಾಪ್.

ಆ ಪದದ ಬುಡ ನೋಡಿದರೆ ಯಾರನ್ನೂ ಬೈಯುವಂತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಗಿಡದ ತುದಿ, ತೆನೆ ಎಂಬ ಅರ್ಥ. ಹಕ್ಕಿಯ ಕೊರಳಬುಡದ ಕಾಳಿನ ಚೀಲವೂ ಅದೇ. ಕೋಳಿ ಹಸನು ಮಾಡುವಾಗ ನೀನು ಮುಖ ಸಿಂಡರಿಸುತ್ತಿದ್ದೆಯಲ್ಲ, ಆ ಚೀಲ. ತೆನೆಯಿಂದ ಬೆಳೆಯಾಯಿತು, ತುದಿ ಕೊಯ್ಯುವುದರಿಂದ ಕತ್ತರಿಸುವುದಾಯಿತು. ಕುದುರೆ ಸವಾರನ ಗಿಡ್ಡ ಚಾವಟಿಗೂ ಅದೇ ಹೆಸರು. ನಮ್ಮ ಸುಗ್ಗಿಹಬ್ಬ ಹುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಗದ್ದೆಯಿಂದ ಕದಿರು ತರುತ್ತೇವಲ್ಲ, ತೆನೆಯೂ ಕೊಯ್ಲೂ ಎರಡೂ ಅಲ್ಲೇ ಇವೆ.

ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. ಜುಟ್ಟು ತೆಗೆಸಿ ಬಂದವನನ್ನು ‘ಕ್ರಾಪು ಬಿಟ್ಟ’ ಅಂದರು. ಇಂಗ್ಲಿಷರದು ಕತ್ತರಿಸುವ ಮಾತು, ನಮ್ಮದು ಬಿಡುವ ಮಾತು.

ತೋಟದಲ್ಲಂತೂ ‘ಕ್ರಾಪ್ ಹೇಗುಂಟು?’ ಅಂದರೆ ಗಿಡವನ್ನು ಕೇಳಿದ್ದಲ್ಲ, ಎಷ್ಟು ಮೂಟೆ ಆದೀತು ಅಂತ. ಕಾಫಿ ಮಂಡಳಿ ಹೂವಾದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಹಾಕುವ ಲೆಕ್ಕವೂ ಅದೇ. ಅದನ್ನು ‘ಫಸಲಿನ ಅಂದಾಜು’ ಅನ್ನು. ಬ್ಯಾಂಕಿನದು ‘ಬೆಳೆ ಸಾಲ’ವೇ ಸರಿ, ‘ಫಸಲು ಸಾಲ’ ಎಂದು ಯಾರೂ ಕೇಳುವುದಿಲ್ಲ. ಗದ್ದೆಯಲ್ಲಿ ನಿಂತ ಭತ್ತವಾದರೆ ‘ಪೈರು’. ಪಟ್ಟಿಯಲ್ಲಿ ಪದವೊಂದೇ ಕಂಡರೆ, ಅದು ಯಾವ ಪರದೆಯದು ಅಂತ ಕೇಳಿಯೇ ಬರೆ. ಮೇಲಿನವರು ಗೊಣಗಿದರೆ ಗೊಣಗಲಿ. ಫೋಟೋದ ಗುಂಡಿಗೆ ‘ಕತ್ತರಿಸು’ ಸಾಕು.

ಇಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಮೊದಲೇ ಮೊನ್ನೆ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬಿತ್ತು. ಗಿಡದ ಒಂದೇ ರೆಕ್ಕೆಯಲ್ಲಿ, ಅಂದರೆ ಕೊಂಬೆಯಲ್ಲಿ, ಹಣ್ಣೂ ಇದೆ, ಮೊಗ್ಗೂ ಇದೆ. ಕೊಯ್ಯುವ ಕೈ ತಾಗಿ ಮೊಗ್ಗು ಉದುರುತ್ತಿದೆ. ಮೇಸ್ತ್ರಿ ‘ಕ್ರಾಪ್ ಹೋಯ್ತು’ ಅಂದ. ಈ ವರ್ಷದ್ದೋ ಬರುವ ವರ್ಷದ್ದೋ ಅಂತ ನಾನೇ ತಿರುಗಿ ಕೇಳಬೇಕಾಯಿತು. ಇನ್ನೊಂದು ವಾರದಲ್ಲಿ ಹೂ ಬಿಡುತ್ತದೆ. ರಜೆ ಸಿಕ್ಕರೆ ಬಾ. ಈ ಸಲದ ಫೋಟೋ ನೀನೇ ತೆಗಿ.

ಇಂತಿ,
ನಿನ್ನ ದೊಡ್ಡಪ್ಪ