ಕೆಮ್ಮಿದ್ದವರು ಕ್ಲಾಸಿಗೆ ಬರಬೇಡಿ

ಆನ್ ಆರ್ಬರ್, ಮಿಷಿಗನ್
ಫೆಬ್ರವರಿ, ಭಾನುವಾರ

ಪ್ರೀತಿಯ ಅಮ್ಮ, ಅಪ್ಪ,

ನಾನು ಆರಾಮಾಗಿದ್ದೇನೆ. ಇದನ್ನು ಮೊದಲೇ ಹೇಳದಿದ್ದರೆ ಅಮ್ಮ ಮುಂದೆ ಓದುವುದೇ ಇಲ್ಲ. ಜ್ವರ ಬಂದಿರುವುದು ನನ್ನ ರೂಮ್‌ಮೇಟ್‌ಗೆ. ಅಮ್ಮ, ನೀನು ಫೋನಲ್ಲಿ ಕೇಳಿಸಿಕೊಂಡ ಕೆಮ್ಮು ಅವಳದ್ದು. ಅದು ಫ್ಲೂ. ಮಂಗನ ಕಾಯಿಲೆ ಥರ ಉಣುಗು ಕಚ್ಚಿ ಬರುವುದಲ್ಲ. ಒಬ್ಬರು ಕೆಮ್ಮಿದರೆ, ಸೀನಿದರೆ, ಹತ್ತಿರ ಕೂತವರಿಗೆ ಬರುತ್ತದೆ.

ಚಳಿಗಾಲದಲ್ಲಿ ಇಲ್ಲಿ ಕಿಟಕಿ ತೆಗೆಯುವವರೇ ಇಲ್ಲ. ದಿನವಿಡೀ ಹೀಟರ್, ಒಣ ಗಾಳಿ. ಹಾಸ್ಟೆಲ್‌ಗಳಲ್ಲಿ ರೂಮಿಗೆ ಇಬ್ಬರು, ಬಚ್ಚಲು ಎಲ್ಲರಿಗೂ ಸೇರಿ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವೈರಸ್‌ಗೆ ಇನ್ನೇನು ಬೇಕು? 2021ರ ಅಕ್ಟೋಬರ್-ನವೆಂಬರ್‌ನಲ್ಲಿ, ನಾನು ಬರುವ ಮೊದಲು, ಇದೇ ಮಿಷಿಗನ್ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ 700ಕ್ಕೂ ಹೆಚ್ಚು ಜನರಿಗೆ ಫ್ಲೂ ಬಂದಿತ್ತಂತೆ. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರೇ ಬಂದು ಪರಿಶೀಲಿಸಿದರು. ಆಗ ಹಬ್ಬಿದ್ದು ಎಚ್3ಎನ್2 ಬಗೆ. ಆ ಸಲದ ಲಸಿಕೆ ಅದರ ಮುಂದೆ ಅಷ್ಟೇನೂ ನಡೆಯಲಿಲ್ಲ.

ಹಾಗಂತ ಲಸಿಕೆ ಸುಮ್ನೆ ಅಂತ ಅಪ್ಪ ಶುರು ಮಾಡುವುದು ಬೇಡ. ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ, ಅದಕ್ಕೇ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಿಕೊಳ್ಳಬೇಕು. ನಾನು ಅಕ್ಟೋಬರ್‌ನಲ್ಲೇ ಹಾಕಿಸಿಕೊಂಡೆ. ಅದು ಮೈಗೆ ಹತ್ತಲು ಎರಡು ವಾರ ಬೇಕು, ಪಕ್ಕದ ರೂಮಿನವರು ಜ್ವರ ಬಂದು ಮಲಗಿದ ಮೇಲೆ ಓಡಿದರೆ ತಡವಾಯಿತು ಅಂತಲೇ. ಅಪ್ಪನಿಗೆ ಇಷ್ಟವಾಗುವ ವಿಷಯ ಒಂದಿದೆ: 1940ರ ದಶಕದಲ್ಲಿ ಫ್ಲೂ ಲಸಿಕೆಯ ದೊಡ್ಡ ಕೆಲಸ ನಡೆದದ್ದು ಇದೇ ಯೂನಿವರ್ಸಿಟಿಯಲ್ಲಿ, ಥಾಮಸ್ ಫ್ರಾನ್ಸಿಸ್ ಎಂಬುವರ ಕೈಯಲ್ಲಿ. ಪೋಲಿಯೊ ಲಸಿಕೆ ಮಾಡಿದ ಜೋನಾಸ್ ಸಾಕ್ ಕೂಡ ಈ ಫ್ರಾನ್ಸಿಸ್ ಬಳಿಯೇ ಪಳಗಿದವರು.

ಇನ್ನು ಮಾಸ್ಕ್. 2006-07ರ ಚಳಿಗಾಲದಲ್ಲಿ ಇಲ್ಲಿನ ಹಾಸ್ಟೆಲ್ ಹುಡುಗ ಹುಡುಗಿಯರನ್ನೇ, ಸುಮಾರು 1,400 ಜನರನ್ನು, ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಮಾಸ್ಕ್ ಜೊತೆ ಕೈಗೆ ಸ್ಯಾನಿಟೈಸರ್, ಇನ್ನೊಂದಕ್ಕೆ ಬರೀ ಮಾಸ್ಕ್, ಮತ್ತೊಂದಕ್ಕೆ ಎರಡೂ ಇಲ್ಲ. ಎರಡೂ ಇದ್ದ ಗುಂಪಿನಲ್ಲಿ, ಎರಡೂ ಇಲ್ಲದವರಿಗಿಂತ, ನಾಲ್ಕನೇ ವಾರದಿಂದ ಆರನೇ ವಾರದ ತನಕ ಫ್ಲೂ ಥರದ ಕಾಯಿಲೆ 35ರಿಂದ 51 ಶೇಕಡಾ ಕಮ್ಮಿ. ಬರೀ ಮಾಸ್ಕ್‌ನಿಂದ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಾಸ್ಕ್ ಹಾಕಿಕೊಂಡು ಕೈ ತೊಳೆಯದೆ ಚಿಪ್ಸ್ ತಿಂದರೆ ಅಷ್ಟೇ ಕಥೆ.

ಆದರೆ ನನಗೆ ಕಾಣುವುದು, ಇದೆಲ್ಲಕ್ಕಿಂತ ದೊಡ್ಡದು ಹಾಜರಿಯ ತಾಪತ್ರಯ. ವಾರಕ್ಕೊಂದು ಕ್ಲಾಸಿಗೆ ನಾನೇ ಪಾಠ ಮಾಡುತ್ತೇನಲ್ಲ, ಅಲ್ಲಿ ಹಿಂದಿನ ಬೆಂಚಿನ ಹುಡುಗ ಒಬ್ಬ ಮೊನ್ನೆ ಟೋಪಿ ಇರುವ ಸ್ವೆಟರ್‌ನೊಳಗೆ ಮುದುರಿ ಕೂತಿದ್ದ. ಕಣ್ಣು ಕೆಂಪು. ಜ್ವರ ಇದೆಯಾ ಅಂದೆ. "ಇತ್ತು, ಮಾತ್ರೆ ತಗೊಂಡೆ, ಮಾರ್ಕ್ಸ್ ಹೋಗುತ್ತಲ್ಲ" ಅಂದ. ಫ್ಲೂ ಇದ್ದವರು ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದಲೇ ಹಬ್ಬಿಸುತ್ತಾರೆ, ಮೊದಲ ಮೂರು ನಾಲ್ಕು ದಿನ ತುಂಬಾ ಜಾಸ್ತಿ. ಮಾತ್ರೆ ಜ್ವರ ಇಳಿಸುತ್ತದೆ, ವೈರಸ್ ಅಲ್ಲೇ ಇರುತ್ತದೆ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಹೊರಗೆ ಬರಬೇಕು. ಅಮ್ಮ, ನೀನು ಸೂಟ್‌ಕೇಸಿಗೆ ತುರುಕಿದ ಡೋಲೋ ನುಂಗಿ "ಜ್ವರ ಬಿಟ್ಟಿದೆ" ಅನ್ನುವುದು ಲೆಕ್ಕಕ್ಕಿಲ್ಲ!

ಅವನನ್ನು ವಾಪಸ್ ಕಳಿಸಿದೆ. ನಮ್ಮ ಪ್ರೊಫೆಸರ್ ಹತ್ತಿರ ಮಾತಾಡಿ, ಹುಷಾರಿಲ್ಲದವರಿಗೆ ಮಾರ್ಕ್ಸ್ ಕಡಿಯುವುದಿಲ್ಲ ಅಂತ ಎಲ್ಲರಿಗೂ ಮೆಸೇಜ್ ಹಾಕಿದೆ. ಡಾಕ್ಟರ್ ಚೀಟಿಯನ್ನೂ ಕೇಳುವುದಿಲ್ಲ. ಸುಳ್ಳು ಹೇಳುವವರು ಇರುತ್ತಾರೆ, ಇರಲಿ ಬಿಡಿ. ಚೀಟಿಗಾಗಿ ಕೆಮ್ಮಿಕೊಂಡು ಕ್ಲಿನಿಕ್‌ನಲ್ಲಿ ಸಾಲು ನಿಂತರೆ ಅಲ್ಲಿಯೂ ನಾಲ್ಕು ಜನಕ್ಕೆ ಅಂಟಿಸಿ ಬರುತ್ತಾರೆ. ಆಸ್ತಮಾ ಇರುವವರು, ಉಸಿರಾಟಕ್ಕೆ ಕಷ್ಟವಾಗುವವರು ಮಾತ್ರ ತಡ ಮಾಡದೆ ಹೋಗಬೇಕು. ಫ್ಲೂ ವೈರಸ್‌ಗೇ ಕೊಡುವ ಔಷಧಿ ಟ್ಯಾಮಿಫ್ಲೂ, ಅದನ್ನು ಮೊದಲ ಎರಡು ದಿನದಲ್ಲಿ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಂಟಿಬಯೋಟಿಕ್‌ನಿಂದ ಫ್ಲೂಗೆ ಏನೂ ಆಗುವುದಿಲ್ಲ, ಅಪ್ಪ.

ರೂಮ್‌ಮೇಟ್ ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ನಾನು ಮನೆಯ ಹಾಲ್‌ನಲ್ಲಿ. ಮೆಣಸಿನ ಸಾರು, ಮೆತ್ತಗಿನ ಅನ್ನ ಬಾಗಿಲ ಹೊರಗಿಟ್ಟು ಮೆಸೇಜ್ ಮಾಡುತ್ತೇನೆ. ಟೆಕ್ಸಾಸ್‌ನವಳು, ಖಾರ ತಿಂದು ಅಭ್ಯಾಸ. ಮೂಗು ಸೊರಸೊರ ಎನ್ನುತ್ತಾ ಇನ್ನೊಂದು ಲೋಟ ಕೇಳುತ್ತಾಳೆ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯವರೆಲ್ಲ ನೋಡಿಕೊಂಡು ಹೋಗಲು ಬಂದು, ಮಂಚದ ಮೇಲೇ ಕೂತು ಕಾಫಿ ಕುಡಿದಿರುತ್ತಿದ್ದರು. ಆ ಪ್ರೀತಿ ನನಗೆ ಇಲ್ಲಿ ಬೇಕೆನಿಸುತ್ತದೆ, ನಿಜ. ಆದರೆ ಅಜ್ಜಿಯ ಮಂಚದ ಹತ್ತಿರ ಕೆಮ್ಮುವವರನ್ನು ಬಿಡಬೇಡಿ. ಬೇಜಾರಾದರೆ ನನ್ನ ಹೆಸರು ಹೇಳಿ.

ಅಪ್ಪ, ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ. ಅಜ್ಜಿಗೆ ಮೊದಲೇ ಉಬ್ಬಸ. ಮೇ ತಿಂಗಳೊಳಗೆ ಡಾಕ್ಟರನ್ನು ಕೇಳಿ ಲಸಿಕೆ ಹಾಕಿಸಿ. ಪುಟ್ಟಿಗೂ ಹೇಳಿ, ಹಾಸ್ಟೆಲ್‌ನಲ್ಲಿ ಜ್ವರ ಬಂದರೆ 75 ಪರ್ಸೆಂಟ್ ಹಾಜರಿ ಅಂತ ಕ್ಲಾಸಿಗೆ ಹೋಗಬಾರದು. ಪ್ರಿನ್ಸಿಪಾಲರಿಗೆ ಪತ್ರ ಬರೆದುಕೊಡಿ, ನೀವು ಬರೆದರೆ ಕೇಳುತ್ತಾರೆ.

ಅಡಿಕೆ ಸುಲಿಯುವುದು ಮುಗಿಯಿತಾ? ಈ ಸಲ ರೇಟ್ ಎಷ್ಟು ಅಂತ ಬರೆಯಿರಿ. ಮೆಣಸಿನ ಸಾರಿನ ಪುಡಿ ಖಾಲಿಯಾಗುತ್ತಾ ಬಂತು, ಯಾರಾದರೂ ಈ ಕಡೆ ಬರುವವರಿದ್ದರೆ ಕೊಟ್ಟು ಕಳಿಸಮ್ಮ. ಸ್ವಲ್ಪ ಜಾಸ್ತಿಯೇ ಇರಲಿ, ಈಗ ಇಬ್ಬರಿದ್ದೇವೆ.

ನಿಮ್ಮ ಮಗಳು