ಮೊಗೆ ಬೀಜದ ಜೊತೆ ಒಂದು ಪತ್ರ

ಕುಮಟಾ
ಮೇ 30

ಪ್ರೀತಿಯ ಕೂಸೆ,

ನಿನ್ನ ಮಾವ ನಾಳೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಚೀಲದಲ್ಲಿ ನಿನಗೆ ಅಂತ ಆರು ಪೊಟ್ಟಣ ಇಟ್ಟಿದ್ದೇನೆ. ಐದು ಪೇಪರಿನದು, ಒಂದು ಬಟ್ಟೆಯದು. ಬಟ್ಟೆಯದನ್ನು ಈಗ ಬಿಚ್ಚಬೇಡ. ಯಾಕೆ ಅಂತ ಮುಂದೆ ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದೆಲ್ಲ ಕಾಗದದಲ್ಲಿದ್ದರೆ ಬೇಕಾದಾಗ ತೆಗೆದು ನೋಡಬಹುದು ಅಲ್ವಾ.

ನಿಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಮನೆಗೆ ಇಷ್ಟು ಅಂತ ಜಾಗ ಹಂಚಿದ್ದಾರೆ, ನಿನ್ನ ಪಾಲಿಗೆ ಹತ್ತು ಅಡಿ ಉದ್ದ ಆರು ಅಡಿ ಅಗಲ ಬಂದಿದೆ ಅಂದೆ. ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ. ಸಣ್ಣ ಜಾಗ ಅಂತ ಬೇಜಾರು ಮಾಡಿಕೊಳ್ಳಬೇಡ. ನಾವು ಐದು ಮನೆಯ ಹೆಂಗಸರು ಮಾಡುವುದೂ ಹಂಚಿಕೊಂಡ ಜಾಗದಲ್ಲೇ. ಭತ್ತ ಕೊಯ್ದ ಮೇಲೆ ಗದ್ದೆಯ ಯಜಮಾನರು ಹತ್ತು ಗುಂಟೆ ಬಿಟ್ಟುಕೊಡುತ್ತಾರೆ. ತಲೆಗೆ ಎರಡೆರಡು ಗುಂಟೆ. ಬಾಡಿಗೆ ಅಂತ ಇಲ್ಲ, ಅವರ ಮನೆಗೆ ವಾರಕ್ಕೊಂದು ಬುಟ್ಟಿ ತರಕಾರಿ ಕೊಟ್ಟರಾಯಿತು. ನಾವು ಹಾಕಿದ ಗೊಬ್ಬರದ ಕಸುವು ಮಣ್ಣಿನಲ್ಲಿ ಉಳಿದು ಮುಂದಿನ ಭತ್ತಕ್ಕೆ ಸಿಗುತ್ತದೆ, ಅವರಿಗೆ ಅದೇ ದೊಡ್ಡದು. ಬಾವಿ ಒಂದೇ. ಬೆಳಿಗ್ಗೆ ಇಬ್ಬರು, ಸಂಜೆ ಮೂವರು ಅಂತ ಸರದಿ ಮಾಡಿಕೊಂಡಿದ್ದೇವೆ. ನೀವೂ ನೀರಿನ ಸರದಿಯನ್ನು ಮೊದಲೇ ಮಾತಾಡಿಕೊಳ್ಳಿ. ಜಗಳ ಬರುವುದೇ ಅಲ್ಲಿ.

ನಾನು ಘಟ್ಟದ ಮೇಲಿನವಳು. ಶಿರಸಿ ಕಡೆ ನಮ್ಮ ತವರಿನಲ್ಲಿ ಮಳೆಗಾಲ ಅಂದರೆ ಹಿತ್ತಲಲ್ಲಿ ತರಕಾರಿ ಕಾಲ. ರೋಹಿಣಿ ಮಳೆ ಹನಿಯುವ ಹೊತ್ತಿಗೆ ಬೀಜ ಮಣ್ಣಿಗೆ ಬೀಳಬೇಕು ಅಂತ ಅಮ್ಮ ಅವಸರ ಮಾಡುತ್ತಿದ್ದಳು. ಜೋರು ಮಳೆ ಹಿಡಿಯುವಷ್ಟರಲ್ಲಿ ಗಿಡಕ್ಕೆ ನಾಲ್ಕು ಎಲೆ ಬಂದು ಬೇರು ಕಚ್ಚಿರಬೇಕು ಅನ್ನುವ ಲೆಕ್ಕ. ಮದುವೆಯಾಗಿ ದೇವಿಮನೆ ಘಟ್ಟ ಇಳಿದು ಬಂದ ವರ್ಷ ನಾನು ಇಲ್ಲಿ ಜೂನ್ ಮಧ್ಯಕ್ಕೆ ಹರಿವೆ ಹಾಕಿದೆ. ಮೂರೇ ದಿನದ ಮಳೆಗೆ ಬೀಜ ಮಣ್ಣು ಸಮೇತ ಗಟಾರ ಸೇರಿತು. ಆವತ್ತು ಅತ್ತ ನನಗೆ ನಿನ್ನ ಅಜ್ಜಿ ಹೇಳಿದ್ದು ಇಷ್ಟೇ: "ಇಲ್ಲಿ ಗದ್ದೆ ಒಣಗಿದ ಮೇಲೆ ತರಕಾರಿ. ಅಲ್ಲಿಯವರೆಗೆ ಹಿತ್ತಲಲ್ಲಿ ಏರು ಮಡಿ ಮಾಡಿ ಬೆಂಡೆ, ಹೀರೆ, ಪಡುವಲ. ಬಾಕಿ ಎಲ್ಲ ಕಾಯಬೇಕು."

ಇಲ್ಲಿ ನಮ್ಮ ವರ್ಷ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಕೊಯ್ಲಾದ ಗದ್ದೆಯಲ್ಲಿ ಇನ್ನೂ ಹಸಿ ಇರುತ್ತದೆ. ಕೂಳೆ ಕಿತ್ತು, ಮಣ್ಣು ಅಗೆದು, ದರಕು ಅಂದರೆ ಒಣಗಿ ಉದುರಿದ ಎಲೆ ಮತ್ತು ಹಟ್ಟಿ ಗೊಬ್ಬರ ಸೇರಿಸಿ ಮಡಿ ಮಾಡುತ್ತೇವೆ. ಮೊದಲು ಹರಿವೆ. ಅದರ ಬೀಜ ಸಾಸಿವೆಗಿಂತ ಸಣ್ಣದು. ಹಾಗೇ ಬಿತ್ತಿದರೆ ಒಂದೇ ಕಡೆ ರಾಶಿ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ನಾಲ್ಕು ಹಿಡಿ ಒಣ ಮರಳು ಬೆರೆಸಿ ಉದುರಿಸು. ಮೇಲೆ ಮಣ್ಣು ಮುಚ್ಚಬೇಡ, ಅಂಗೈಯಲ್ಲಿ ಒತ್ತಿದರೆ ಸಾಕು. ಇರುವೆ ಹೊತ್ತುಕೊಂಡು ಹೋಗುತ್ತದೆ, ಅದಕ್ಕೆ ಮಡಿಯ ಸುತ್ತ ಸ್ವಲ್ಪ ಅಕ್ಕಿ ಹಿಟ್ಟು ಚೆಲ್ಲು. ಅವು ಹಿಟ್ಟಿನ ಕೆಲಸದಲ್ಲಿರುವಾಗ ಬೀಜ ಮೊಳೆತುಬಿಡುತ್ತದೆ. ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. ಹೊಸಬರಿಗೆ ಧೈರ್ಯ ಕೊಡುವ ಬೆಳೆ ಅಂದರೆ ಇದೇ. ನೀನೂ ಇದರಿಂದಲೇ ಶುರು ಮಾಡು.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಇಬ್ಬನಿ ಬೀಳುತ್ತದೆ. ಅಲಸಂದೆಯ ಕುಡಿಗೆ ಕಪ್ಪು ಹೇನು ಹತ್ತುವುದೂ ಆಗಲೇ. ಎಲೆಯ ಮೇಲೆ ಇಬ್ಬನಿ ಇರುವಾಗಲೇ ಒಲೆಯ ಬೂದಿ ಜರಡಿ ಹಿಡಿದು ಉದುರಿಸಿದರೆ ಅಂಟಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಹಾಕಿದರೆ ಗಾಳಿಗೆ ಹಾರಿಹೋಗುತ್ತದೆ. ನಿಮ್ಮಲ್ಲಿ ಒಲೆ ಇಲ್ಲ, ಬೂದಿ ಎಲ್ಲಿಂದ? ಹಾಗಾದರೆ ನೀರನ್ನೇ ಜೋರಾಗಿ ಚಿಮುಕಿಸಿ ಉದುರಿಸು. ಹೇನಿಗೆ ಅಷ್ಟು ಸಾಕು. ಸೌತೆ, ಕುಂಬಳದ ಎಲೆಗೆ ಬಿಳಿ ಹುಡಿ ಬಂದರೆ ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಹೊಡೆಯುತ್ತೇವೆ. ಬೇಗ ಕಂಡು ಬೇಗ ಹೊಡೆದರೆ ಹಿಡಿತಕ್ಕೆ ಬರುತ್ತದೆ.

ನೀನು ಕಳೆದ ಸಲ ಕೇಳಿದೆ, ಹೂವು ರಾಶಿ ಬಿಡುತ್ತದೆ, ಕಾಯಿ ಯಾಕೆ ನಿಲ್ಲುವುದಿಲ್ಲ ಅಂತ. ಬಳ್ಳಿ ತರಕಾರಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಸಣ್ಣ ಕಾಯಿ ಮೊದಲೇ ಇರುತ್ತದೆ. ಮೊದಮೊದಲು ಬರುವುದು ಗಂಡು ಹೂವೇ ಜಾಸ್ತಿ, ಹೆದರಬೇಡ. ಎತ್ತರದ ತಾರಸಿಗೆ ಜೇನು ಬರುವುದು ಕಡಿಮೆ. ಹಾಗಾಗಿ ನೀನೇ ಗಂಡು ಹೂವು ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಹೊತ್ತು ಮಾತ್ರ ನೆನಪಿಟ್ಟುಕೋ. ಕುಂಬಳ, ಸೌತೆ ಅರಳುವುದು ಬೆಳಿಗ್ಗೆ. ಹೀರೆ ಅರಳುವುದು ಸಂಜೆ, ಪಡುವಲ ಕತ್ತಲಾಗುವಾಗ. ಹೀರೆ ಹೂವು ಬಿಚ್ಚುವ ಹೊತ್ತಿಗೆ ನಾನು ದೀಪ ಹಚ್ಚಲು ಏಳುತ್ತಿದ್ದೆ. ನೀನು ಕೆಲಸ ಮುಗಿಸಿ ಬರುವ ಹೊತ್ತೂ ಅದೇ. ಅದಕ್ಕೇ ನಿನ್ನ ಪೊಟ್ಟಣದಲ್ಲಿ ಹೀರೆ ಇಟ್ಟಿದ್ದೇನೆ.

ಒಂದು ತಪ್ಪು ನಾನು ಮಾಡಿದ್ದೇನೆ, ನೀನು ಮಾಡಬಾರದು. ಅಘನಾಶಿನಿ ಹೊಳೆಯ ಉಪ್ಪುನೀರು ಸಮುದ್ರದ ಭರತಕ್ಕೆ ಒಳಗೆ ಏರುವ ಕಡೆ ನಮ್ಮ ಗದ್ದೆ ಇದೆ. ಏಪ್ರಿಲ್ ಬಂದರೆ ಬಾವಿ ನೀರು ಉಪ್ಪಿಗೆ ತಿರುಗುತ್ತದೆ. ಹೋದ ವರ್ಷ ನಾನು ನೀರನ್ನು ನಾಲಿಗೆಗೆ ಹಚ್ಚಿ ನೋಡದೆ ಎಂಟು ದಿನ ಅಲಸಂದೆಗೆ ಹೊಯ್ದೆ. ಮೊದಲು ಎಲೆಯ ಅಂಚು ಮಾತ್ರ ಸುಟ್ಟ ಹಾಗೆ ಕಂದಿತು. ಬಿಸಿಲು ಜಾಸ್ತಿ ಅಂತ ಇನ್ನೂ ಎರಡು ಕೊಡ ಹೆಚ್ಚು ಹಾಕಿದೆ. ಇಡೀ ಮಡಿ ಹೋಯಿತು. ನಿಮ್ಮ ಮನೆಯಲ್ಲಿ ಕುಡಿಯುವ ನೀರಿನ ಮಷಿನ್ ಹೊರಗೆ ಬಿಡುವ ನೀರಿದೆಯಲ್ಲ, ಅದನ್ನು ಗಿಡಕ್ಕೆ ಹಾಕಬೇಡ. ಅದರಲ್ಲಿಯೂ ಉಪ್ಪಿನಂಶ ಜಾಸ್ತಿ. ನೆಲ ಒರೆಸಲು ಇಟ್ಟುಕೋ.

ಈರುಳ್ಳಿ ಕಳಿಸುತ್ತಿದ್ದೇನೆ, ಆದರೆ ಅದು ನಾನು ಬೆಳೆದದ್ದಲ್ಲ. ನಮ್ಮ ಕುಮಟಾ ಸಿಹಿ ಈರುಳ್ಳಿಗೆ ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿ ಕಡೆಯ ಮರಳು ಮಣ್ಣೇ ಬೇಕು. ನಮ್ಮ ಅಂಟು ಮಣ್ಣಿನಲ್ಲಿ ಎರಡು ವರ್ಷ ಪ್ರಯತ್ನ ಮಾಡಿದೆ, ಗಡ್ಡೆ ಗೋಲಿಯಷ್ಟೇ ಆಯಿತು. ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ್ದರಲ್ಲಿ ಒಂದು ಗೊಂಚಲು ತಂದಿದ್ದೇನೆ. ಜಡೆ ಬಿಚ್ಚದೆ ಗಾಳಿಯಾಡುವ ಕಡೆ ನೇತುಹಾಕು. ಮಾವಿನ ಗಿಡ ಡ್ರಮ್ಮಿನಲ್ಲಿ ಹಾಕಲಾ ಅಂತ ಕೇಳಿದೆ. ಬೇಡ ಕೂಸೆ. ಅದರ ಬದಲು ಪಪ್ಪಾಯಿ ಹಾಕು. ಮೂರು ಸಸಿ ನೆಟ್ಟು ಹೂವು ಬರುವವರೆಗೆ ಕಾದು ನೋಡು. ಉದ್ದ ತೊಟ್ಟಿನಲ್ಲಿ ಗೊಂಚಲು ಗೊಂಚಲಾಗಿ ಇಳಿಬಿದ್ದರೆ ಅದು ಗಂಡು, ಕಿತ್ತುಬಿಡು. ಕಾಂಡಕ್ಕೆ ಅಂಟಿಕೊಂಡು ದಪ್ಪ ಹೂವು ಬಂದರೆ ಉಳಿಸಿಕೋ.

ಈಗ ಬಟ್ಟೆಯ ಪೊಟ್ಟಣ. ಅದರಲ್ಲಿರುವುದು ಮೊಗೆ ಬೀಜ, ಮಂಗಳೂರು ಸೌತೆ ಅನ್ನುತ್ತಾರಲ್ಲ, ಅದೇ. ಅಜ್ಜಿ ಕಾಲದ್ದು.

ಮಾರ್ಚ್ ಕೊನೆಗೆ ಮೊಗೆ ಬಳ್ಳಿಯ ಎಲೆ ಒಣಗಲು ಶುರುವಾಗುತ್ತದೆ. ಆಗ ಕೆಳಗೆ ಹಾಸಿದ ಹುಲ್ಲು ಸರಿಸಿದರೆ ಕಾಯಿಗಳು ಕಾಣುತ್ತವೆ. ಹಸಿರು ಪಟ್ಟೆ ಹೋಗಿ ಅರಿಶಿನ, ಅರಿಶಿನದಿಂದ ಕೇಸರಿ. ನೆಲಕ್ಕೆ ತಾಗಿದ ಕಡೆ ಮಾತ್ರ ಅಂಗೈಯಷ್ಟು ಬಿಳಿಚಿಕೊಂಡಿರುತ್ತದೆ. ಅದನ್ನು ಎಳೆಯಬಾರದು, ತೊಟ್ಟು ಎರಡು ಬೆರಳಷ್ಟು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು. ತೊಟ್ಟು ಕಿತ್ತು ಬಂದರೆ ಆ ಗಾಯದಿಂದಲೇ ಕೊಳೆಯುತ್ತದೆ. ಒರೆಸಿ, ನೆರಳಲ್ಲಿ ಎರಡು ದಿನ ಇಟ್ಟು, ಬಾಳೆಪಟ್ಟೆ ನೆನೆಸಿ ಒಂದೊಂದಕ್ಕೂ ಕಟ್ಟು ಹಾಕಿ ಅಟ್ಟದ ಜಂತಿಗೆ ತೂಗುಹಾಕುತ್ತೇವೆ. ಒಂದು ಇನ್ನೊಂದಕ್ಕೆ ತಾಗಬಾರದು. ಸಣ್ಣವಳಿದ್ದಾಗ ನೀನು ಅವುಗಳ ಕೆಳಗೆ ಮಲಗಿ ಲೆಕ್ಕ ಮಾಡುತ್ತಿದ್ದೆ, ನೆನಪಿದೆಯಾ? ಹೊರಗೆ ಹೊಳೆ ಉಕ್ಕಿ ಪೇಟೆಗೆ ಹೋಗಲು ಆಗದ ದಿನವೂ ಒಂದು ಕಾಯಿ ಇಳಿಸಿದರೆ ಹುಳಿಯೋ ಪಳದ್ಯವೋ ಆಗುತ್ತಿತ್ತು. ವಾರಕ್ಕೊಮ್ಮೆ ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗಾದದ್ದನ್ನು ಮೊದಲು ಇಳಿಸುವುದು ನಿನ್ನದೇ ಕೆಲಸ ಆಗಿತ್ತು.

ಬೀಜದ ಕಾಯಿ ಅಂತ ಬೇರೆ ಇರುತ್ತದೆ. ಬಳ್ಳಿಯ ಮೊದಲ ಕಾಯಿಯೂ ಅಲ್ಲ, ಕೊನೆಯದೂ ಅಲ್ಲ. ರೋಗ ಇಲ್ಲದ ಬಳ್ಳಿಯ ನಡುವಿನ ಕಾಯಿ ನೋಡಿ ಎಳೆಯದಿದ್ದಾಗಲೇ ಕೆಂಪು ಬಟ್ಟೆ ಚೂರು ಕಟ್ಟುತ್ತೇವೆ. ಅದನ್ನು ಯಾರೂ ಮುಟ್ಟುವಂತಿಲ್ಲ, ಎಷ್ಟೇ ಚಂದ ಇರಲಿ. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಕಾಡಿನಲ್ಲಿ ತಾಯಿಮರ ಹುಡುಕಿ ಅದರ ಬೀಜವನ್ನೇ ಆಯುತ್ತಿದ್ದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲೇ ಹೋಗಿದ್ದರಲ್ಲ, ಅವರೇ. ಶಾಲೆಗೆ ಹೋದವರಲ್ಲ, ಆದರೆ ಯಾವ ಮರದ ಬೀಜ ಯಾವಾಗ ಆಯಬೇಕು ಅಂತ ಅವರಿಗೆ ಗೊತ್ತಿತ್ತು. ಬಳ್ಳಿಯ ಮುಂದೆ ಕೂತಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಬೀಜದ ಕಾಯಿ ಕೊಯ್ದು ಇಪ್ಪತ್ತು ದಿನ ಹಾಗೇ ಇಡು. ಆಮೇಲೆ ಸೀಳಿ ತಿರುಳು ಸಮೇತ ಬೀಜ ಪಾತ್ರೆಗೆ ಹಾಕಿ, ನೀರು ಸೇರಿಸಿ ಒಂದು ರಾತ್ರಿ ಬಿಡು. ತೇಲಿದ್ದು ಜೊಳ್ಳು, ಚೆಲ್ಲು. ಮುಳುಗಿದ್ದನ್ನು ತೊಳೆದು ನೆರಳಲ್ಲಿ ಒಣಗಿಸು. ಅಜ್ಜಿ ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಒತ್ತಿ ಗೋಡೆಗೆ ಬೆರಣಿ ಹಾಗೆ ತಟ್ಟುತ್ತಿದ್ದಳು. ಹುಳ ಮುಟ್ಟುತ್ತಿರಲಿಲ್ಲ. ಬೇಕಾದಾಗ ಬೆರಣಿ ಮುರಿದು ಬಿತ್ತುವುದು.

ಈ ಬೀಜ ಒಮ್ಮೆ ನಮ್ಮ ಕೈತಪ್ಪಿ ಹೋಗಿತ್ತು ಕೂಸೆ. ಅಜ್ಜಿ ತೀರಿಹೋದ ವರ್ಷ. ಕಾರ್ಯಕ್ಕೆ ಬಂದ ನೆಂಟರಿಗೆ ಅಡುಗೆ ಮಾಡುವ ಗಡಿಬಿಡಿಯಲ್ಲಿ ಅಟ್ಟದ ಕಾಯಿ ಎಲ್ಲ ಇಳಿದವು, ಕೆಂಪು ಬಟ್ಟೆ ಕಟ್ಟಿದ್ದೂ ಸೇರಿ. ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ಬಿತ್ತಲು ಹೊರಟಾಗ. ಡಬ್ಬಿ ಖಾಲಿ. ಪೇಟೆಯ ಒಂದು ಅಂಗಡಿಯಿಂದ ಹೈಬ್ರಿಡ್ ಪೊಟ್ಟಣ ತಂದು ಹಾಕಿದೆ. ಮೊದಲ ವರ್ಷ ಫಸಲು ಚೆನ್ನಾಗಿಯೇ ಬಂತು. ಅದರ ಬೀಜ ತೆಗೆದಿಟ್ಟು ಮರುವರ್ಷ ಹಾಕಿದರೆ ಒಂದು ಬಳ್ಳಿಯ ಕಾಯಿ ಉದ್ದ, ಇನ್ನೊಂದರದ್ದು ಗುಂಡು, ಜೂನಿನವರೆಗೂ ಉಳಿಯಲಿಲ್ಲ. ಹೈಬ್ರಿಡ್ ಬೀಜ ಎರಡನೇ ವರ್ಷ ಅದೇ ಗುಣ ಕೊಡುವುದಿಲ್ಲ.

ಆಮೇಲೆ ಶಿರಸಿಗೆ ಹೋದಾಗ ಅತ್ತಿಗೆಯ ಹತ್ತಿರ ಇದನ್ನೇ ಹೇಳಿಕೊಂಡೆ. ಅವಳು ಮಾತಾಡದೆ ಒಳಗೆ ಹೋದಳು. ಹೊರಗೆ ಬರುವಾಗ ಕೈಯಲ್ಲಿ ಒಂದು ಸೋರೆಬುರುಡೆ. "ನಿಮ್ಮ ಅತ್ತೆ ಕೊಟ್ಟದ್ದೇ, ಹನ್ನೊಂದು ವರ್ಷದಿಂದ ಹಾಕ್ತಾ ಬಂದಿದ್ದೇನೆ" ಅಂದಳು. ಬುರುಡೆ ಅಲುಗಿಸಿದಾಗ ಆದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಜ್ಜಿ ಊರೆಲ್ಲ ಬೀಜ ಹಂಚುವಾಗ ನಮಗೇ ಉಳಿಯುವುದಿಲ್ಲ ಅಂತ ನಾನು ಗೊಣಗುತ್ತಿದ್ದೆ. ಅವಳು ಹಂಚಿದ್ದರಿಂದ ಉಳಿಯಿತು. ಈಗ ಗದ್ದೆಯ ಐದೂ ಮನೆಯಲ್ಲಿ ಈ ಬೀಜ ಇದೆ.

ಈ ಬೀಜ ಸಂಕ್ರಾಂತಿ ಕಳೆದ ಮೇಲೆ ಹಾಕು. ಅಲ್ಲಿಯವರೆಗೆ ಪೊಟ್ಟಣವನ್ನು ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ, ತಣ್ಣಗಿರುವ ಕಡೆ ಇಡು. ಇಪ್ಪತ್ತನಾಲ್ಕು ಬೀಜ ಇದೆ. ಹನ್ನೆರಡು ನಿನಗೆ. ಉಳಿದದ್ದನ್ನು ಪಕ್ಕದ ಪಾಲಿನವರಿಗೆ ಕೊಡು, ಯಾರೇ ಆಗಲಿ. ನಿನ್ನದು ಹೋದರೆ ಅವರ ಹತ್ತಿರ ಕೇಳಬಹುದು.

ಬಾಕಿ ಪೊಟ್ಟಣದ ಮೇಲೆ ಹೆಸರು ಬರೆದಿದ್ದೇನೆ. ಹರಿವೆ, ಅಲಸಂದೆ ಈ ವಾರವೇ ಹಾಕು. ಬೆಂಡೆ, ಹೀರೆ ಒಂದು ರಾತ್ರಿ ನೆನೆಸಿ ಹಾಕು. ಪಡುವಲಕ್ಕೆ ಚಪ್ಪರ ಬೇಕು, ಅದು ಆದ ಮೇಲೆ ಬಿತ್ತು. ಬೆಂಡೆಯಲ್ಲಿ ಬೀಜ ಹಿಡಿಯುವುದಾದರೆ ಅರಳುವ ಹಿಂದಿನ ಸಂಜೆಯೇ ಮೊಗ್ಗಿಗೆ ತೆಳು ಬಟ್ಟೆ ಕಟ್ಟು, ಜೇನು ಬಂದರೆ ಪಕ್ಕದವರ ತಳಿಯ ಜೊತೆ ಬೆರಕೆಯಾಗುತ್ತದೆ. ಅಲಸಂದೆಗೆ ಆ ತಾಪತ್ರಯ ಇಲ್ಲ.

ಅಟ್ಟದಲ್ಲಿ ಈಗ ಹದಿನೇಳು ಕಾಯಿ ತೂಗಿವೆ. ಚೌತಿಗೆ ನೀನು ಬಂದಾಗ ಗಣಪತಿಯ ಮೇಲೆ ತೂಗುವ ಫಲಾವಳಿಗೆ ಕಟ್ಟಲು ಎರಡು ಬೇರೆ ತೆಗೆದಿಟ್ಟಿದ್ದೇನೆ. ಚೀಲದ ಅಡಿಯಲ್ಲಿ ಅಂಕೋಲೆಯ ಕರಿ ಇಶಾಡ್ ಮಾವು ನಾಲ್ಕು ಇದೆ. 2023ರಲ್ಲಿ ಜಿಐ ಅಂದರೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದೇ ಹಣ್ಣು. ಸಿಪ್ಪೆ ತೆಳು, ಹೆಚ್ಚು ದಿನ ಇರುವುದಿಲ್ಲ. ಮಾವ ಬಂದ ದಿನವೇ ತಿಂದುಬಿಡಿ.

ನಿನ್ನ
ಆಯಿ